ಸಂಬಳದೊಡನೆ ಇಳಿಜಾರನ್ನೂ ಅಳೆಯಿರಿ

ಓದು ಮುಗಿಯುತ್ತ ಬಂದಂತೆ ವಿದ್ಯಾರ್ಥಿಗಳ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಯಾವ ಉದ್ಯೋಗ ಎಂಬುದು ಮೊದಲನೆಯದು; ಯಾವ ಊರು ಎಂಬುದು ಎರಡನೆಯದು. ಹಲಸೂರಿನಂಥ ಬಡಾವಣೆಯಲ್ಲಿ ಬೆಳೆದವರಿಗೆ ಈ ಎರಡನೆಯ ಪ್ರಶ್ನೆ ಬಹುಕಾಲ ಬಾಧಕವಾಗಿರಲಿಲ್ಲ. ದೇಶದ ಮೂಲೆಮೂಲೆಯವರು ಕೆಲಸಕ್ಕಾಗಿ ಬೆಂಗಳೂರನ್ನು ಹುಡುಕಿಕೊಂಡು ಬರುತ್ತಿರುವಾಗ ಇಲ್ಲಿಯವರು ಹೊರಗೆ ಹೋಗುವುದೇಕೆ ಎಂಬುದು ಮನೆಮನೆಯ ಮಾತಾಗಿತ್ತು. ಈಗ ಆ ಮಾತು ಬದಲಾಗುತ್ತಿದೆ. ಮಡಿಕೇರಿ, ಚಿಕ್ಕಮಗಳೂರು, ಉದಕಮಂಡಲ ಮುಂತಾದ ಬೆಟ್ಟದ ಊರುಗಳಲ್ಲಿ ವಸತಿಗೃಹಗಳೂ ಹೋಂಸ್ಟೇಗಳೂ ಅಂಗಡಿಮುಂಗಟ್ಟುಗಳೂ ಹೆಚ್ಚಿವೆ. ಅವುಗಳ ಬೆನ್ನ ಹಿಂದೆಯೇ ಲೆಕ್ಕ ಬರೆಯುವವರು, ಅಡುಗೆಯವರು, ದಾದಿಯರು, ಉಪಾಧ್ಯಾಯರು, ವಿದ್ಯುತ್ ಕೆಲಸದವರು ಬೇಕಾಗಿದ್ದಾರೆ. ಪಟ್ಟಣದ ವಾಹನದಟ್ಟಣೆಗೆ ಬೇಸತ್ತ ತರುಣರಿಗೆ ತಂಪು ಗಾಳಿಯ ಊರಿನಿಂದ ಕೆಲಸದ ಕರೆ ಬಂದರೆ ಮನಸ್ಸು ಆ ಕಡೆಗೆ ವಾಲುವುದು ಸಹಜ.

ಇಂಥ ಕರೆ ಬಂದಾಗ ಮನೆಯಲ್ಲಿ ನಡೆಯುವ ವಿಚಾರವೇನು? ಸಂಬಳವೆಷ್ಟು, ಬಾಡಿಗೆಯೆಷ್ಟು, ಬಸ್ಸಿನ ಪ್ರಯಾಣ ಎಷ್ಟು ಗಂಟೆ, ಚಳಿ ತಡೆದೀತೆ, ಇಷ್ಟೆ. ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವುಗಳ ಜತೆಗೆ ಇನ್ನೂ ನಾಲ್ಕು ಲೆಕ್ಕಗಳನ್ನು ಮಾಡಬೇಕೆಂದೂ, ಅವುಗಳನ್ನು ಮಾಡದೆ ಬೆಟ್ಟದ ಊರನ್ನು ಸೇರುವುದು ಅವಿವೇಕವೆಂದೂ ನಾವು ಭಾವಿಸುತ್ತೇವೆ. ನೀರು, ನೆಲ, ಕೊಳಚೆ, ಉದ್ಯೋಗದ ಆಯುಷ್ಯ: ಇವೇ ಆ ನಾಲ್ಕು. ಇವನ್ನು ಮಾಡಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೂ ಗಣಿತವೂ ಸಾಕು.

ಮೊದಲು ಬೆಟ್ಟದ ಗುಣವನ್ನೇ ಹೇಳೋಣ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಹಲಸೂರು ಇರುವುದು ಸುಮಾರು 900 ಮೀಟರು ಎತ್ತರದಲ್ಲಿ. ಮಡಿಕೇರಿ ಸುಮಾರು 1,150 ಮೀಟರು. ಉದಕಮಂಡಲ ಸುಮಾರು 2,240 ಮೀಟರು. ಆದುದರಿಂದ ಉದಕಮಂಡಲ ನಮ್ಮ ಊರಿಗಿಂತ ಎಂಟೊಂಬತ್ತು ಡಿಗ್ರಿ ತಂಪಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿನ ವಾಯುಭಾರ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ನೀರು 92 ಅಥವಾ 93 ಡಿಗ್ರಿಗೇ ಕುದಿಯತೊಡಗುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತಡ. ಆರೋಗ್ಯವಂತರಿಗೆ ಈ ಎತ್ತರದಿಂದ ತೊಂದರೆಯೇನೂ ಇಲ್ಲ. ಕೆಲವು ದಿನಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ. ಹೊಗೆ ಕಡಿಮೆ, ಗದ್ದಲ ಕಡಿಮೆ, ನಡೆದಾಡುವ ಅಭ್ಯಾಸ ಹೆಚ್ಚು. ಇವು ನಿಜವಾದ ಲಾಭಗಳೇ. ಇವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ಇಲ್ಲಿ ಒಂದು ವಿಷಯವನ್ನು ವಾಚಕರು ಗಮನಿಸಬೇಕು. ಎತ್ತರದ ಊರಿಗೆ ಕೆಲಸಕ್ಕಾಗಿ ಹೋಗುವ ಪರಿಪಾಠ ಹಲಸೂರಿಗೆ ಹೊಸದಲ್ಲ. ಹಲಸೂರು ಬೆಳೆದದ್ದೇ ಹಾಗೆ. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷರ ಪಡೆ ಅಲ್ಲಿನ ಸೊಳ್ಳೆ, ಜ್ವರಗಳ ಕಾಟ ತಾಳಲಾರದೆ ಎತ್ತರದ ತಂಪು ನೆಲವನ್ನು ಹುಡುಕಿತು; 1809ರ ಹೊತ್ತಿಗೆ ಹಲಸೂರಿನ ಪಕ್ಕದಲ್ಲಿ ದಂಡುಪ್ರದೇಶ ನೆಲೆಗೊಂಡಿತು. ದಂಡಿನ ಹಿಂದೆ ಬಟ್ಟೆ ಹೊಲಿಯುವವರು, ಗಾರೆ ಕೆಲಸದವರು, ವ್ಯಾಪಾರಿಗಳು ಬಂದರು. ತಮಿಳು ನಾಡಿನ ಬಯಲುಗಳಿಂದ ಬಂದ ಕುಟುಂಬಗಳ ಸಂತತಿಯವರು ಇಂದಿಗೂ ಇಲ್ಲಿದ್ದಾರೆ. ಅವರ ದೃಷ್ಟಿಗೆ ನಮ್ಮ ಈ ಊರೇ ಬೆಟ್ಟದ ಮೇಲಣ ಊರು. ಆದುದರಿಂದ ವೇಗವಾಗಿ ಬೆಳೆಯುವ ಎತ್ತರದ ಊರಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮನೆಯ ನಲ್ಲಿಯನ್ನು ತಿರುಗಿಸಿದರೆ ಸಾಕು.

ನೀರಿನ ಲೆಕ್ಕ ಅಲ್ಲಿಂದಲೇ ಆರಂಭವಾಗಲಿ. ಬೆಂಗಳೂರು ನೆಲೆಸಿರುವುದು ನೀರು ಇಕ್ಕೆಲಗಳಿಗೆ ಹರಿದುಹೋಗುವ ದಿಬ್ಬದ ಮೇಲೆ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಹಿಂದಿನವರು ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದು ಬಾಳಿದರು. ಹಲಸೂರು ಕೆರೆ ಅಂಥವುಗಳಲ್ಲಿ ಒಂದು. 1876–78ರ ಭೀಕರ ಕ್ಷಾಮದ ಬಳಿಕ, 1882ರಲ್ಲಿ, ಸ್ಯಾಂಕಿ ಕೆರೆಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ನೀರು ಬಂದಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, ಅದೂ ಸಾಲದಾಗಿ 1974ರಲ್ಲಿ ಕಾವೇರಿಯಿಂದ. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಯಿತು. ಎಲ್ಲ ಹಂತಗಳೂ ಪೂರ್ಣವಾಗಿ ನಡೆದರೆ ದಿನಕ್ಕೆ ಸುಮಾರು 222 ಕೋಟಿ ಲೀಟರು ನೀರು ನಗರಕ್ಕೆ ಬರಬೇಕು.

ಈ ನೀರು ತಾನಾಗಿ ಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಪಂಪುಗಳು ಅದನ್ನು ಎತ್ತಬೇಕು. 1,000 ಲೀಟರು ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಅದನ್ನು ಗುರುತ್ವದ ವೇಗೋತ್ಕರ್ಷವಾದ 9.8ರಿಂದಲೂ ಎತ್ತರವಾದ 500ರಿಂದಲೂ ಗುಣಿಸಿದರೆ 49 ಲಕ್ಷ ಜೂಲ್, ಎಂದರೆ ಸುಮಾರು 1.36 ಯೂನಿಟ್ ವಿದ್ಯುತ್ತು. 222 ಕೋಟಿ ಲೀಟರಿಗೆ ದಿನಕ್ಕೆ 30 ಲಕ್ಷ ಯೂನಿಟ್ ಆಯಿತು. ಕೊಳವೆಯ ಘರ್ಷಣೆ, ಪಂಪಿನ ನಷ್ಟ ಇವನ್ನು ನಾವು ಇನ್ನೂ ಸೇರಿಸಿಲ್ಲ. ಇಷ್ಟಾಗಿಯೂ 2024ರ ಬೇಸಗೆಯಲ್ಲಿ ನಗರದ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರಿನ ದಾರಿ ಕಾಯಬೇಕಾಯಿತು. ಎತ್ತರದ ಊರು ತನ್ನ ಅಳವಿಗೆ ಮೀರಿ ಬೆಳೆದರೆ ತೆರಬೇಕಾದ ತೆರಿಗೆ ಇದು.

ಬೆಂಗಳೂರು ಇದನ್ನು ತೆರಬಲ್ಲದು; ಹಣವಂತ ರಾಜಧಾನಿ. ಮೂವತ್ತು ನಲವತ್ತು ಸಾವಿರ ಜನರಿರುವ ಬೆಟ್ಟದ ಊರು ಏನು ಮಾಡೀತು? ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬೆಂಗಳೂರಿನ ಮೂರು ಪಟ್ಟು. ಅಲ್ಲಿ ನೀರಿಗೆ ಬರವೆ ಎಂದು ನೀವು ಕೇಳಬಹುದು. ಆದರೆ ಆ ಮಳೆಯ ಬಹುಭಾಗ ಜೂನ್ ತಿಂಗಳಿಂದ ಸೆಪ್ಟೆಂಬರಿನ ಒಳಗೆ ಬಿದ್ದು, ಇಳಿಜಾರಿನಲ್ಲಿ ಧುಮುಕಿ ಹೋಗುತ್ತದೆ. ಕಾಡಿನ ಮಣ್ಣು ಹೀರಿಕೊಂಡು ಮೆಲ್ಲಮೆಲ್ಲನೆ ಬಿಟ್ಟುಕೊಡುವ ನೀರೇ ಬೇಸಗೆಯ ಒರತೆಗಳಿಗೂ ಕೂಟುಹೊಳೆಯಂಥ ಹೊಳೆಗಳಿಗೂ ಆಧಾರ. ಏಪ್ರಿಲ್, ಮೇ ತಿಂಗಳಲ್ಲಿ ಒರತೆ ಅತಿ ಕ್ಷೀಣವಾಗಿರುತ್ತದೆ. ಪ್ರವಾಸಿಗಳು ಅತಿ ಹೆಚ್ಚಾಗಿ ಬರುವುದೂ ಅದೇ ತಿಂಗಳುಗಳಲ್ಲಿ. ಬೇಡಿಕೆಯ ಶಿಖರವೂ ಪೂರೈಕೆಯ ಕಣಿವೆಯೂ ಒಂದೇ ಕಾಲಕ್ಕೆ ಕೂಡುತ್ತವೆ. ನೀಲಗಿರಿಯಲ್ಲಿ ವಾಹನಗಳ ನೂಕುನುಗ್ಗಲು ಎಷ್ಟಾಯಿತೆಂದರೆ, ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ 7ರಿಂದ ಬೆಟ್ಟ ಹತ್ತುವ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿತು. 2025ರ ಏಪ್ರಿಲಿನಲ್ಲಿ ವಾಹನಗಳ ದಿನದ ಸಂಖ್ಯೆಗೂ ಮಿತಿ ಬಂದಿತು. ಊರಿನ ಸಾಮರ್ಥ್ಯಕ್ಕೆ ಒಂದು ಮಿತಿಯುಂಟೆಂಬುದನ್ನು ಕೊನೆಗೆ ನ್ಯಾಯಾಲಯ ಹೇಳಬೇಕಾಗಿ ಬಂದಿತು.

ಎರಡನೆಯದು ನೆಲದ ಲೆಕ್ಕ. ಬಯಲಿನ ಮನೆಗೆ ನೆಲವು ಆಧಾರ ಮಾತ್ರ. ಬೆಟ್ಟದ ಮನೆಗೆ ನೆಲವು ಆಧಾರವೂ ಹೌದು, ಮೇಲಿನಿಂದ ಒತ್ತುವ ಭಾರವೂ ಹೌದು. ಇಳಿಜಾರು 30 ಡಿಗ್ರಿಯಿದ್ದರೆ ಮಣ್ಣಿನ ತೂಕದ ಅರ್ಧಭಾಗ ಕೆಳಮುಖವಾಗಿ ಜಾರಲು ಎಳೆಯುತ್ತಿರುತ್ತದೆ. ತ್ರಿಕೋನಮಿತಿಯಲ್ಲಿ 30 ಡಿಗ್ರಿಯ ಸೈನ್ ಅರ್ಧವೆಂದು ನೀವು ಓದಿದ್ದೀರಷ್ಟೆ. ನಿವೇಶನಕ್ಕಾಗಿ ಅದೇ ಇಳಿಜಾರಿನ ಬುಡವನ್ನು ಯಂತ್ರದಿಂದ ಕಡಿದು 70 ಡಿಗ್ರಿಗೆ ನಿಲ್ಲಿಸಿದರೆ ಆ ಎಳೆತ ತೂಕದ ಶೇಕಡ 94ಕ್ಕೆ ಏರುತ್ತದೆ. ಇದನ್ನು ತಡೆದಿರುವುದು ಮಣ್ಣಿನ ಕಣಗಳ ನಡುವಣ ಘರ್ಷಣೆ ಮತ್ತು ಅಂಟು, ಜತೆಗೆ ಮರದ ಬೇರುಗಳು. ಮಳೆ ಬಂದಾಗ ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಘರ್ಷಣೆ ಕುಗ್ಗುತ್ತದೆ, ತೂಕ ಹೆಚ್ಚುತ್ತದೆ. ಬೆಂಗಳೂರಿನವರಿಗೆ ಪರಿಚಿತವಾದ 30×40 ಅಡಿಯ ನಿವೇಶನವೊಂದರ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 11,000 ಲೀಟರು, ಎಂದರೆ 11 ಟನ್ನು. ಮಲೆನಾಡಿನಲ್ಲಿ ಇಂಥ ಮಳೆ ಒಂದೇ ದಿನದಲ್ಲಿ ಬೀಳುವುದುಂಟು. ಅದೂ ದಿನದ ಮೇಲೆ ದಿನ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ನಡೆದದ್ದು ಇದೇ. ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದವು; ರಸ್ತೆಗಳು ಕಡಿದುಹೋದವು; ಸಾವಿರಾರು ಜನರು ಮನೆ ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಿದರು. ಆ ಬಳಿಕ ಪರಿಶೀಲನೆ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು, ವಿಪರೀತ ಮಳೆಯೊಂದನ್ನೇ ದೂರದೆ, ಇಳಿಜಾರುಗಳನ್ನು ಅವೈಜ್ಞಾನಿಕವಾಗಿ ಕಡಿದುದನ್ನೂ ಕಾರಣವಾಗಿ ಎತ್ತಿಹೇಳಿದರು. ಹಿಮಾಲಯದ ಜೋಶಿಮಠದ ಕಥೆ ಇನ್ನೂ ಕಠೋರವಾದುದು. ಆ ಊರು ನಿಂತಿರುವುದು ಹಳೆಯ ಭೂಕುಸಿತದ ರಾಶಿಯ ಮೇಲೆಂದೂ ಅಲ್ಲಿ ಭಾರಿ ಕಟ್ಟಡಗಳು ಕೂಡದೆಂದೂ 1976ರಲ್ಲಿಯೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಊರು ಬೆಳೆಯುತ್ತಲೇ ಹೋಯಿತು. 2023ರ ಜನವರಿಯಲ್ಲಿ ನೂರಾರು ಮನೆಗಳ ಗೋಡೆ ಬಿರಿದು ಜನರು ಹೊರಬೀಳಬೇಕಾಯಿತು.

ಮನೆಯ ಹಿಂದಿನ ಗುಡ್ಡವೊಂದನ್ನೇ ನೋಡಿದರೂ ಸಾಲದು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬಂದ ಕುಸಿತ ಹುಟ್ಟಿದ್ದು ಊರಿಗಿಂತ ಬಹಳ ಮೇಲೆ. ಕೆಸರೂ ಬಂಡೆಗಳೂ ಹೊಳೆಯ ಪಾತ್ರವನ್ನೇ ದಾರಿ ಮಾಡಿಕೊಂಡು ಇಳಿದವು. ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ದುಡಿಮೆಗಾಗಿ ಹೋಗಿ ಅಲ್ಲಿ ನೆಲೆಸಿದ್ದ ಕರ್ನಾಟಕದವರೂ ಅವರಲ್ಲಿದ್ದರು. ಊರನ್ನು ಆರಿಸುವ ವಿಚಾರ ಜೀವದ ವಿಚಾರವೂ ಆಗಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮೂರನೆಯದು ಕೊಳಚೆಯ ಲೆಕ್ಕ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆಯ ಸಾವಯವ ವಸ್ತುವನ್ನು ತಿನ್ನುವ ಜೀವಾಣುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ; ಮೀನಿಗೆ ಉಸಿರಾಟಕ್ಕೆ ಉಳಿಯುವುದಿಲ್ಲ. ಬಯಲುಸೀಮೆಯಲ್ಲಿ ಇದು ಒಂದು ಕೆರೆಯ ದುರಂತ. ಬೆಟ್ಟದಲ್ಲಿಯಾದರೋ ಮೇಲಿನ ಬೀದಿಯ ಶೌಚಗುಂಡಿಯಿಂದ ಬಸಿದ ನೀರು ಕೆಳಗಿನ ಬೀದಿಯ ಒರತೆಗೆ ಬಂದು ಸೇರುವುದು ಸುಲಭ. ನೆಲದೊಳಗಿನ ಒಳಚರಂಡಿಯಿಲ್ಲದೆ ಮನೆಗಳ ಸಂಖ್ಯೆ ಮಾತ್ರ ಹೆಚ್ಚಿದ ಬೆಟ್ಟದ ಊರಿನಲ್ಲಿ, ನೋಟಕ್ಕೆ ಸ್ಫಟಿಕದಂತಿರುವ ನೀರನ್ನೂ ಕುದಿಸಿಯೇ ಕುಡಿಯತಕ್ಕದ್ದು.

ನಾಲ್ಕನೆಯದು ಉದ್ಯೋಗದ ಆಯುಷ್ಯ. ಇದಕ್ಕೆ ಎರಡು ಕಾರ್ಖಾನೆಗಳನ್ನು ಹೋಲಿಸಿ ನೋಡೋಣ. ಹಲಸೂರಿಗೆ ಸಮೀಪದ ಬೈಯಪ್ಪನಹಳ್ಳಿಯಲ್ಲಿ 1956ರಲ್ಲಿ ಸ್ಥಾಪಿತವಾದ ಎನ್‌ಜಿಇಎಫ್ ವಿದ್ಯುದ್ಯಂತ್ರಗಳನ್ನು ತಯಾರಿಸುತ್ತಿತ್ತು. 2002ರಲ್ಲಿ ಅದು ಮುಚ್ಚಿತು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ಛಾಯಾಚಿತ್ರದ ಫಿಲ್ಮನ್ನು ತಯಾರಿಸಿತು. ಫಿಲ್ಮಿನ ತಯಾರಿಕೆಗೆ ಬೆಟ್ಟದ ತಂಪು, ಧೂಳಿಲ್ಲದ ಗಾಳಿ ಅನುಕೂಲ. 1996ರಲ್ಲಿ ಅದು ರೋಗಗ್ರಸ್ತವೆಂದು ಘೋಷಿತವಾಯಿತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫಿಲ್ಮನ್ನು ಕೇಳುವವರೂ ಇಲ್ಲವಾದರು. ಕೊನೆಗೆ ಕಾರ್ಖಾನೆಯೇ ಮುಚ್ಚಿತು. ಎರಡು ಕಡೆಯೂ ಕೆಲಸಗಾರರ ದುಃಖ ಒಂದೇ. ಆದರೆ ಬೈಯಪ್ಪನಹಳ್ಳಿಯ ಕುಶಲಿ ಬಸ್ಸು ಹತ್ತಿ ಹೋಗಬಹುದಾದ ದೂರದಲ್ಲಿ ಬೇರೆ ನೂರು ಕಾರ್ಖಾನೆಗಳಿದ್ದವು. ಬೆಟ್ಟದ ಕುಶಲಿಗೆ ಬೆಟ್ಟವನ್ನೇ ಇಳಿಯಬೇಕಾದ ಪ್ರಮೇಯ. ಇಂದು ಬೆಟ್ಟದ ಊರುಗಳ ಹೆಚ್ಚಿನ ಹೊಸ ಕೆಲಸಗಳು ಪ್ರವಾಸಿಗಳನ್ನು ನೆಚ್ಚಿವೆ. ಒಂದು ಮಳೆಗಾಲ ರಸ್ತೆ ಕುಸಿದರೆ ಅಥವಾ 2020ರಂತೆ ಸಾಂಕ್ರಾಮಿಕ ರೋಗದಿಂದ ಓಡಾಟ ನಿಂತರೆ ಆ ಕೆಲಸಗಳೂ ನಿಲ್ಲುತ್ತವೆ. ಒಂದೇ ಕಂಬದ ಮೇಲೆ ನಿಂತ ಚಪ್ಪರಕ್ಕೆ ಎಷ್ಟು ಭದ್ರತೆಯೋ ಇಂಥ ಉದ್ಯೋಗಕ್ಕೂ ಅಷ್ಟೇ.

ಇಷ್ಟನ್ನು ಕೇಳಿ ಕೆಲವರು ಹೇಳಬಹುದು: “ಆರಿಸಿಕೊಳ್ಳುವ ಭಾಗ್ಯ ಇರುವವರಿಗೆ ಈ ಲೆಕ್ಕಗಳೆಲ್ಲ ಚೆಂದ. ಮನೆಯ ಸಾಲ ತೀರಿಸಬೇಕಾದ ತರುಣನು ಬಂದ ಕೆಲಸವನ್ನು ಬಿಡುವುದು ಹೇಗೆ?” ಈ ಆಕ್ಷೇಪಣೆ ನ್ಯಾಯವಾದುದು, ಇದಕ್ಕೆ ಉತ್ತರ ಕೊಡದೆ ನಾವು ಮುಂದೆ ಹೋಗಲಾರೆವು. ಕೆಲಸವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಉದ್ಯೋಗವನ್ನು ಆರಿಸಲಾಗದವನೂ ಬಾಡಿಗೆಯ ಕೋಣೆಯನ್ನು ಆರಿಸಬಲ್ಲನು. ನೂರಿನ್ನೂರು ರೂಪಾಯಿ ಬಾಡಿಗೆ ಉಳಿಯುವುದೆಂದು ಕಡಿದ ಗುಡ್ಡದ ಅಡಿಯಲ್ಲಿಯೋ ಹೊಳೆಯ ಅಂಚಿನಲ್ಲಿಯೋ ಇರುವ ಕೋಣೆಯನ್ನು ಹಿಡಿಯದಿರುವುದು ಅವನ ಕೈಯಲ್ಲಿದೆ. ಗೋಡೆಯಲ್ಲಿ ಓರೆಯಾದ ಹೊಸ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಎಂದೂ ಇಲ್ಲದ ಕಡೆ ಥಟ್ಟನೆ ಹೊರಟ ಕೆಸರು ನೀರು: ಇವು ನೆಲ ಚಲಿಸುತ್ತಿರುವುದರ ಗುರುತುಗಳು. ಇವನ್ನು ಬಲ್ಲವನು ಮಳೆಯ ರಾತ್ರಿ ತಾನೂ ಉಳಿದಾನು, ನೆರೆಯವರನ್ನೂ ಉಳಿಸಿಯಾನು.

ಬೆಂಗಳೂರಿನಲ್ಲಿ ಏನು ಸುಖವಿದೆ ಎಂದು ಕೇಳುವವರೂ ಉಂಟು. ಇಲ್ಲಿನ ಹೊಗೆ, ಬಾಡಿಗೆ, ರಸ್ತೆಯಲ್ಲಿ ಕಳೆದುಹೋಗುವ ಗಂಟೆಗಳು ನಮಗೂ ಗೊತ್ತಿವೆ. ಒಂದು ಊರಿನ ದೋಷ ಇನ್ನೊಂದು ಊರಿನ ಗುಣವಾಗದು ಎಂಬುದಷ್ಟೇ ನಮ್ಮ ಮಾತು. ಜನರು ಗುಂಪುಗುಂಪಾಗಿ ಹೋಗುತ್ತಿದ್ದಾರೆಂಬುದನ್ನೇ ಊರಿನ ಯೋಗ್ಯತೆಗೆ ಸಾಕ್ಷಿಯಾಗಿ ಹಿಡಿಯುವವರಿದ್ದಾರೆ. ಬಯಲಿನಲ್ಲಿ ಆ ತರ್ಕ ಅಷ್ಟಿಷ್ಟು ನಡೆದೀತು. ಬೆಟ್ಟದಲ್ಲಿ ಬೇಗ ಬೆಳೆಯುವ ಊರನ್ನು ಕಂಡಾಗ ಅದು ಏಕೆ ಬೆಳೆಯುತ್ತಿದೆ ಎಂಬುದಕ್ಕಿಂತ ಏನನ್ನು ಕಡಿದು ಬೆಳೆಯುತ್ತಿದೆ ಎಂಬುದನ್ನು ಮೊದಲು ಕೇಳಬೇಕು.

ಹಾಗಾದರೆ ಹೊರಡುವ ಮುನ್ನ ಕೇಳತಕ್ಕದ್ದೇನು? ಊರಿನ ಬೇಸಗೆಯ ನೀರು ಎಲ್ಲಿಂದ ಬರುತ್ತದೆ, ಮೇ ತಿಂಗಳಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಕೆಲಸದ ಕಟ್ಟಡ ಮತ್ತು ಬಾಡಿಗೆ ಮನೆ ನಿಂತಿರುವುದು ಗಟ್ಟಿ ನೆಲದ ಮೇಲೋ, ಕಡಿದು ತುಂಬಿಸಿದ ಮಣ್ಣಿನ ಮೇಲೋ? ಕೊಳಚೆ ಎಲ್ಲಿಗೆ ಹೋಗುತ್ತದೆ? ಪ್ರವಾಸಿಗಳಿಲ್ಲದ ತಿಂಗಳುಗಳಲ್ಲಿ ಸಂಬಳವುಂಟೆ? ಈ ಪ್ರಶ್ನೆಗಳನ್ನು ಕೆಲಸ ಕೊಡುವವರನ್ನೂ ಊರಿನ ಹಿರಿಯರನ್ನೂ ವಿನಯದಿಂದ ಕೇಳಬಹುದು. ನೇರವಾದ ಉತ್ತರ ದೊರೆತರೆ ಸಂತೋಷದಿಂದ ಹೋಗಿ. ಸಾಧ್ಯವಾದರೆ ಒಮ್ಮೆ ಬೇಸಗೆಯಲ್ಲಿ, ಒಮ್ಮೆ ಆಗಸ್ಟಿನ ಮಳೆಯಲ್ಲಿ ಊರನ್ನು ನೋಡಿ ಬನ್ನಿ. ಡಿಸೆಂಬರಿನ ಬಿಸಿಲಿನಲ್ಲಿ ಎಲ್ಲ ಬೆಟ್ಟದ ಊರುಗಳೂ ಸುಂದರವೇ.

ಹೋದವರ ಮೇಲೆ ಇನ್ನೊಂದು ಹೊಣೆಯೂ ಉಂಟು. ನಾವು ಬೆಟ್ಟವನ್ನೇರಿದಾಗ ನಮ್ಮ ಮನೆ, ವಾಹನ, ನೀರಿನ ತೊಟ್ಟಿ, ಕಸ ಇವೆಲ್ಲ ಆ ಇಳಿಜಾರಿನ ಮೇಲೆ ಬಿದ್ದ ಹೊಸ ತೂಕ. ಆ ನೆಲವನ್ನು ತಲೆಮಾರುಗಳಿಂದ ಬಲ್ಲ ಕೊಡವರು, ಅರೆಭಾಷೆಯ ಗೌಡರು, ನೀಲಗಿರಿಯ ಬಡಗರು ಎಲ್ಲಿ ಮನೆ ಕಟ್ಟಿದರು, ಎಲ್ಲಿ ಕಟ್ಟದೆ ಬಿಟ್ಟರು ಎಂಬುದನ್ನು ಕಣ್ಣಿಟ್ಟು ನೋಡುವುದೂ ಒಂದು ವಿದ್ಯೆ. ಕಲಿತ ತರುಣರು ಬೆಟ್ಟಕ್ಕೆ ಬೇಕು. ಮಳೆಯನ್ನು ಅಳೆಯುವವರು, ಒರತೆಗಳ ಪಟ್ಟಿ ಮಾಡುವವರು, ಕೊಳಚೆಯನ್ನು ಶುದ್ಧಿ ಮಾಡುವ ಯಂತ್ರ ನಡೆಸುವವರು, ಇಳಿಜಾರಿಗೆ ತಕ್ಕ ಮನೆ ಕಟ್ಟುವವರು ಅಲ್ಲಿ ಸಾಲದು. ಹೊಸ ವಸತಿಗೃಹದ ಹತ್ತನೆಯ ಲೆಕ್ಕಿಗನಾಗುವುದಕ್ಕಿಂತ ಇಂಥ ಕೆಲಸಕ್ಕೆ ಸಿದ್ಧನಾಗಿ ಹೋಗುವುದು ಲೇಸೆಂದು ನಮ್ಮ ಅಭಿಪ್ರಾಯ.

ಎಂದೂ ಹಲಸೂರನ್ನು ಬಿಡದೆ ಇರುವವರಿಗೆ ಇದರಿಂದೇನು ಎಂದು ಕೇಳಬೇಡಿ. ನಮ್ಮ ನಲ್ಲಿಗೆ ನೂರು ಕಿಲೋಮೀಟರು ಏರಿ ಬರುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಅಲ್ಲಿಯ ಕಾಡಿನ ಮಣ್ಣು ನೀರನ್ನು ಹಿಡಿದಿಟ್ಟರೆ ಇಲ್ಲಿಯ ಕೊಡ ತುಂಬುತ್ತದೆ. ಅಲ್ಲಿಯ ಗುಡ್ಡ ಕಡಿದುಹೋದರೆ ಆ ಮಣ್ಣು ಜಲಾಶಯದ ತಳಕ್ಕೆ ಸೇರುತ್ತದೆ. ಬೆಟ್ಟದ ಊರು ಎಷ್ಟು ಬೆಳೆಯಬೇಕು, ಹೇಗೆ ಬೆಳೆಯಬೇಕು ಎಂಬ ಪ್ರಶ್ನೆಯಲ್ಲಿ ಬೆಟ್ಟ ಹತ್ತುವವನಿಗೂ ಬಯಲಿನಲ್ಲಿ ಉಳಿಯುವವನಿಗೂ ಸಮಪಾಲಿದೆ.